ಆಟಿಯ ಮಳೆಯಲ್ಲಿ ಮಲ್ಲಿಗೆಗೆ ಹಿಂಡಿ ನೀರು ಬೇಡ

ಪ್ರಶ್ನೆ: ನಮ್ಮ ಮನೆ ಉಡುಪಿ ಜಿಲ್ಲೆಯ ಕಟಪಾಡಿಯ ಹತ್ತಿರ. ಮೂರು ವರ್ಷಗಳಿಂದ ತಾರಸಿಯಲ್ಲಿ ನಲವತ್ತು ಚಟ್ಟಿಗಳಲ್ಲಿ ಮಲ್ಲಿಗೆ ಬೆಳೆಸುತ್ತಿದ್ದೇನೆ. ಬೇಸಿಗೆಯಲ್ಲಿ ಹೂವಿಗೆ ಕೊರತೆಯಿಲ್ಲ. ಮಳೆ ಹಿಡಿದ ಮೇಲೆ ಎಲೆಗಳಲ್ಲಿ ಕಂದು ಚುಕ್ಕೆ ಬಿದ್ದು ಉದುರುತ್ತವೆ. ಈ ಸಲ ಆರು ಗಿಡಗಳ ಬುಡದಲ್ಲಿ ಹತ್ತಿಯಂತೆ ಬಿಳಿ ಕಟ್ಟಿ, ಗಿಡ ನಿಂತಲ್ಲೇ ಬಾಡಿ ಸತ್ತಿತು. ಕೆಲವು ಎಲೆಗಳ ಮೇಲೆ ಕಪ್ಪು ಮಸಿಯೂ ಕಟ್ಟಿದೆ. ಈ ಬೂಸ್ಟಿನ ಮೂರು ಚಿತ್ರಗಳನ್ನು ಕಳುಹಿಸಿದ್ದೇನೆ. ಚೌತಿಗೆ ಹೂ ಸಿಗಲಿ ಎಂದು ಹತ್ತು ದಿನಕ್ಕೊಮ್ಮೆ ಎರಡು ಕಿಲೋ ನೆಲಗಡಲೆ ಹಿಂಡಿ ನೆನೆಸಿ ಎಲ್ಲ ಚಟ್ಟಿಗಳಿಗೆ ಹಂಚಿ ಹಾಕುತ್ತಿದ್ದೇನೆ. ಬಾಡಿದ ಗಿಡಕ್ಕೆ ಶಕ್ತಿ ಸಾಲದೇನೋ ಎಂದು ಇನ್ನೊಂದಿಷ್ಟು ಹೆಚ್ಚು ಹಾಕಿದೆ. ಹೂ ದೇವರಿಗೂ ಮುಡಿಗೂ ಹೋಗುತ್ತದೆ, ಮಕ್ಕಳು ತಾರಸಿಯಲ್ಲೇ ಆಡುತ್ತಾರೆ. ಹಾಗಾಗಿ ವಿಷದ ಮದ್ದು ಹೊಡೆಯಲು ಮನಸ್ಸಿಲ್ಲ. ಹುಳಿ ಮಜ್ಜಿಗೆ, ಅಡಿಗೆ ಸೋಡಾ ಸಾಕಾಗುತ್ತದೆಯೇ? ಸತ್ತ ಗಿಡದ ಮಣ್ಣಿನಲ್ಲೇ ಹೊಸ ಗಿಡ ನೆಡಬಹುದೇ?

ಉತ್ತರ: ಮೊದಲು ಮಾಡಬೇಕಾದ ಕೆಲಸ ಹೇಳುತ್ತೇನೆ, ಕಾರಣ ಆಮೇಲೆ. ಹಿಂಡಿ ನೆನೆಸಿದ ಬಕೆಟ್ ಈಗ ಮನೆಯಲ್ಲಿದ್ದರೆ ಅದನ್ನು ತೆಂಗಿನ ಬುಡಕ್ಕೆ ಸುರಿದುಬಿಡಿ. ಮಳೆ ಬಿಟ್ಟು ಬಿಸಿಲು ನಿಲ್ಲುವವರೆಗೆ ಮಲ್ಲಿಗೆಗೆ ಅದರ ಒಂದು ಹನಿಯೂ ಬೇಡ. ನಿಮ್ಮ ಗಿಡಗಳಿಗೆ ಹಸಿವಾಗಿರಲಿಲ್ಲ. ನೀವು ಪ್ರೀತಿಯಿಂದ ಬಡಿಸಿದ ಊಟ ಗಿಡಕ್ಕಿಂತ ಮೊದಲು ಶಿಲೀಂಧ್ರದ ಬಾಯಿಗೆ ಬಿದ್ದಿದೆ.

ನೀವು ಕಳುಹಿಸಿದ ಚಿತ್ರಗಳಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಮೂರನ್ನೂ ‘ಬೂಸ್ಟು’ ಎಂದು ಒಂದೇ ಗಂಟಿಗೆ ಕಟ್ಟಿದ್ದೀರಿ. ಬಿಡಿಸಿ ನೋಡಿದರೆ ಅರ್ಧ ಕೆಲಸ ಹಗುರವಾಗುತ್ತದೆ.

ಗಿಡ ಕೊಂದದ್ದು ಬುಡ ಕೊಳೆ ರೋಗ. ಸತ್ತ ಗಿಡದ ಬುಡದ ಮಣ್ಣನ್ನು ಬೆರಳಿನಿಂದ ಒಂದಿಂಚು ಸರಿಸಿ ನೋಡಿ. ಕಾಂಡ ಮಣ್ಣಿಗಿಳಿಯುವ ಜಾಗದಲ್ಲಿ ರೇಷ್ಮೆ ನೂಲಿನಂಥ ಬಿಳಿ ಎಳೆಗಳು ಬೀಸಣಿಗೆಯ ಹಾಗೆ ಹರಡಿಕೊಂಡಿರುತ್ತವೆ. ಅವುಗಳ ನಡುವೆ ಸಣ್ಣ ಸಣ್ಣ ಉಂಡೆಗಳಿರುತ್ತವೆ. ಎಳೆಯವು ಬಿಳಿ, ಬಲಿತವು ಕಂದು. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಉದುರಿಸಿದರೆ ಒಗ್ಗರಣೆಗೆ ತೆಗೆದಿಟ್ಟ ಸಾಸಿವೆಯಂತೆ ಉರುಳುತ್ತವೆ. ಅದೇ ಜಾಗದ ತೊಗಟೆಯನ್ನು ಉಗುರಿನಿಂದ ಒತ್ತಿದರೆ ನೆನೆದ ಕಾಗದದಂತೆ ಜಾರಿ ಬರುತ್ತದೆ. ಒಳಗಿನ ಕಟ್ಟಿಗೆ ಕಂದಾಗಿರುತ್ತದೆ. ಇದು ಸ್ಕ್ಲೆರೋಶಿಯಂ ರೋಲ್ಫ್ಸಿ ಎಂಬ ಶಿಲೀಂಧ್ರ. 1892ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಟೊಮೆಟೊ ಗಿಡಗಳಲ್ಲಿ ಇದನ್ನು ಗುರುತಿಸಿದ ಪೀಟರ್ ಹೆನ್ರಿ ರೋಲ್ಫ್ಸ್ ಹೆಸರು ಇದಕ್ಕಿದೆ. ನೆಲಗಡಲೆ, ಬದನೆ, ಮೆಣಸು, ವೀಳ್ಯದೆಲೆ, ಮಲ್ಲಿಗೆ ಹೀಗೆ ನೂರಾರು ಜಾತಿಯ ಗಿಡಗಳ ಮೇಲೆ ಇದು ಬದುಕುತ್ತದೆ. ಆ ಸಾಸಿವೆಯಂಥ ಉಂಡೆಗಳೇ ಇದರ ಬೀಜದ ಭಂಡಾರ. ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಮಲಗಿರಬಲ್ಲವು. ಇದಕ್ಕೆ ಬೇಕಾದದ್ದು 27ರಿಂದ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ, ಹುಳಿ ಮಣ್ಣು, ಬಿಡದ ತೇವ ಮತ್ತು ಮಣ್ಣಿನ ಮೇಲ್ಪದರದಲ್ಲಿ ಅರೆಬರೆ ಕೊಳೆತ ಸಾವಯವ ವಸ್ತು. ಮೊದಲಿನ ಮೂರನ್ನು ಕರಾವಳಿಯ ಮಳೆಗಾಲ ತಾನಾಗಿಯೇ ಕೊಡುತ್ತದೆ. ನಾಲ್ಕನೆಯದು ನಿಮ್ಮ ಹಿಂಡಿ.

ಎಲೆಯ ಚುಕ್ಕೆಗಳ ಕಥೆ ಬೇರೆ. ನಿಮ್ಮ ಎರಡನೆಯ ಚಿತ್ರದಲ್ಲಿ ಕೆಂಗಂದು ಬಣ್ಣದ ದುಂಡನೆಯ ಚುಕ್ಕೆಗಳಿವೆ. ಕೆಲವು ಎಲೆಗಳಲ್ಲಿ ಅವು ಒಂದಕ್ಕೊಂದು ಕೂಡಿಕೊಂಡು ಅಂಚು ಸುಟ್ಟಂತಾಗಿದೆ. ಮಲ್ಲಿಗೆಯಲ್ಲಿ ಸರ್ಕೋಸ್ಪೊರಾ, ಆಲ್ಟರ್ನೇರಿಯಾ ಎಂಬ ಎರಡು ಶಿಲೀಂಧ್ರಗಳು ಇಂಥ ಚುಕ್ಕೆ ಮಾಡುತ್ತವೆ. ಬರಿಗಣ್ಣಿಗೆ ಎರಡನ್ನೂ ಬೇರ್ಪಡಿಸುವುದು ಕಷ್ಟ, ಉಪಚಾರಕ್ಕೆ ಅದರ ಅಗತ್ಯವೂ ಇಲ್ಲ. ಇವು ಗಿಡವನ್ನು ಕೊಲ್ಲುವುದಿಲ್ಲ, ಸೊರಗಿಸುತ್ತವೆ. ಇವುಗಳ ಬೀಜಕಣ ಮೊಳೆಯಬೇಕಾದರೆ ಎಲೆ ಗಂಟೆಗಟ್ಟಲೆ ಒದ್ದೆಯಾಗಿಯೇ ಇರಬೇಕು. ಬಯಲುಸೀಮೆಯ ಹಡಗಲಿಯಲ್ಲಿ ಮಳೆ ಬಂದರೂ ಮಧ್ಯಾಹ್ನದೊಳಗೆ ಎಲೆ ಒಣಗುತ್ತದೆ. ನಮ್ಮಲ್ಲಿ ಆಷಾಢದಲ್ಲಿ ಮೂರು ದಿನ ಒಣಗದ ಎಲೆಯೂ ಉಂಟು. ಮಲ್ಲಿಗೆಗೆ ಬಯಲುಸೀಮೆಯ ಶಾಸ್ತ್ರ ಒಂದು, ಕರಾವಳಿಯದ್ದು ಇನ್ನೊಂದು ಆಗುವುದು ಈ ಕಾರಣಕ್ಕೆ.

ಮೂರನೆಯ ಚಿತ್ರದ ಕಪ್ಪು ಮಸಿ ರೋಗವೇ ಅಲ್ಲ. ಬಿಳಿನೊಣ ಅಥವಾ ಶಲ್ಕ ಕೀಟ ಸುರಿಸಿದ ಅಂಟು ಸಿಹಿಯ ಮೇಲೆ ಬೆಳೆದ ಬೂಸ್ಟು ಅದು. ಎಲೆಯ ಅಡಿ ನೋಡಿ, ಇರುವೆಗಳ ಸಾಲು ಸಿಗುತ್ತದೆ. ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನು ನಾಲ್ಕು ಹನಿ ಸೋಪಿನ ದ್ರವದೊಂದಿಗೆ ಕಲಸಿ, ಮಳೆಯಿಲ್ಲದ ಸಂಜೆ ಎಲೆಯಡಿಗೆ ಸಿಂಪಡಿಸಿ. ಕೀಟ ಹೋದರೆ ಮಸಿಯೂ ಹೋಗುತ್ತದೆ.

ಈಗ ಹಿಂಡಿಯ ಲೆಕ್ಕಕ್ಕೆ ಬರೋಣ. ಇದು ನಿಮ್ಮೊಬ್ಬರ ತಪ್ಪಲ್ಲ. ಶಂಕರಪುರ, ಬೆಳ್ಳೆ, ಶಿರ್ವದ ಕಡೆ ಮಲ್ಲಿಗೆಗೆ ನೆಲಗಡಲೆ ಹಿಂಡಿ ಕೊಟ್ಟೇ ಬೆಳೆಸಿದವರು ನಮ್ಮ ಹಿರಿಯರು. ಅದು ಒಳ್ಳೆಯ ಗೊಬ್ಬರ. ನೂರು ಗ್ರಾಂ ಹಿಂಡಿಯಲ್ಲಿ ಸುಮಾರು 7 ಗ್ರಾಂ ಸಾರಜನಕವಿದೆ. ನೀವು ಹೇಳಿದ ಪ್ರಮಾಣದಲ್ಲಿ ಒಂದು ಚಟ್ಟಿಗೆ ಪ್ರತಿ ಸಲ 50 ಗ್ರಾಂ ಹಿಂಡಿ, ಅಂದರೆ ಮೂರೂವರೆ ಗ್ರಾಂ ಸಾರಜನಕ ಬೀಳುತ್ತದೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ಹನ್ನೆರಡು ಸಲ ಹಾಕಿದರೆ 42 ಗ್ರಾಂ. ತಮಿಳುನಾಡಿನಲ್ಲಿ ನೆಲದಲ್ಲಿ ಬೆಳೆದ ದೊಡ್ಡ ಪೊದೆಗೆ ಇಡೀ ವರ್ಷಕ್ಕೆ ಶಿಫಾರಸು ಮಾಡಿರುವುದು 60 ಗ್ರಾಂ. ಒಂದು ಚಟ್ಟಿಯ ಗಿಡಕ್ಕೆ, ಅದೂ ಬಿಸಿಲಿಲ್ಲದ ದಿನಗಳಲ್ಲಿ, ಅದರ ಮುಕ್ಕಾಲು ಪಾಲಿನ ಹತ್ತಿರ ಹಾಕಿದಂತಾಗುತ್ತದೆ.

ಇದರಲ್ಲಿ ಎಷ್ಟು ಗಿಡಕ್ಕೆ ಸಿಕ್ಕಿತು? ಒಂದಡಿ ಅಗಲದ ಬಾಯಿಯ ಚಟ್ಟಿಗೆ ನೂರು ಮಿಲಿಮೀಟರ್ ಮಳೆ ಬಿದ್ದ ದಿನ ಒಳಗೆ ಇಳಿಯುವ ನೀರು ಏಳು ಲೀಟರ್. ಅಂಥ ದಿನಗಳು ಜುಲೈಯಲ್ಲಿ ನಮಗೆ ಹೊಸದಲ್ಲ. ಕರಗಿದ ಸಾರವೆಲ್ಲ ಆ ನೀರಿನೊಂದಿಗೆ ತಾರಸಿಯ ಕೊಳವೆ ಹಿಡಿದು ಚರಂಡಿಗೆ ಹೋಯಿತು. ಕರಗದೆ ಉಳಿದ ಹಿಂಡಿಯ ಚರಟ ಮಾತ್ರ ಬುಡದಲ್ಲಿ ಮೆತ್ತಿಕೊಂಡಿತು. ಶಿಲೀಂಧ್ರಕ್ಕೆ ಅಲ್ಲಿಯೇ ಹಬ್ಬವಾಯಿತು. ಮೊದಲು ಚರಟದ ಮೇಲೆ ಬೆಳೆದು, ಬಲ ಹಿಡಿದು, ಆಮೇಲೆ ಕಾಂಡಕ್ಕೆ ದಾಟಿತು. ಗಿಡ ಹೀರಿದ ಅಲ್ಪಸ್ವಲ್ಪ ಸಾರಜನಕವೂ ನಿಮಗೆ ಒಳ್ಳೆಯದು ಮಾಡಲಿಲ್ಲ. ಬಿಸಿಲಿಲ್ಲದಾಗ ಸಾರಜನಕ ಹೆಚ್ಚಾದರೆ ಎಲೆ ದೊಡ್ಡದಾಗಿ, ತೆಳ್ಳಗೆ, ನೀರು ತುಂಬಿದಂತೆ ಬೆಳೆಯುತ್ತದೆ. ಚುಕ್ಕೆ ರೋಗಕ್ಕೆ ಅಂಥ ಎಲೆ ಬಲು ಸುಲಭದ ತುತ್ತು.

ಮೂವತ್ತು ವರ್ಷಗಳ ಹಿಂದೆ ನಾನೂ ಇದನ್ನೇ ಮಾಡಿದ್ದೇನೆ. ಸಸ್ಯರೋಗ ಓದಿ ಬಂದ ಹೊಸದು. ಮನೆಯ ಅಂಗಳದ ಹನ್ನೊಂದು ಮಲ್ಲಿಗೆ ಗಿಡಗಳಿಗೆ ಅಷ್ಟಮಿ, ಚೌತಿಯ ಹೂವಿನ ಆಸೆಯಿಂದ ಜುಲೈಯಲ್ಲಿ ಹಿಂಡಿ ನೀರು ಹಾಕಿಸಿದೆ. ಎರಡೇ ವಾರದಲ್ಲಿ ಏಳು ಗಿಡ ಹೋದವು. ಪಕ್ಕದ ಮನೆಯ ಅಜ್ಜಿಯ ಗಿಡಗಳಿಗೆ ಏನೂ ಆಗಲಿಲ್ಲ. ಅವರು ತುಳು ತಿಂಗಳ ಲೆಕ್ಕದಲ್ಲಿ ಜೂನ್ ನಡುವೆ ಕಾರ್ತೆಲ್ ಹಿಡಿದಂದಿನಿಂದ, ಆಟಿ ದಾಟಿ, ಸೆಪ್ಟೆಂಬರ್ ನಡುವೆ ಸೋಣ ಮುಗಿಯುವವರೆಗೆ ಗಿಡದ ಬುಡಕ್ಕೆ ಯಾವ ಗೊಬ್ಬರವನ್ನೂ ಸೋಕಿಸುತ್ತಿರಲಿಲ್ಲ. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕಷಾಯ ಕುಡಿದು ಮನುಷ್ಯರೇ ಹೊಟ್ಟೆ ಹಗುರ ಮಾಡಿಕೊಳ್ಳುವ ತಿಂಗಳಲ್ಲಿ ಗಿಡಕ್ಕೆ ಉಣಿಸುವುದು ಏಕೆ ಎಂಬುದು ಅವರ ಲೆಕ್ಕ. ನನ್ನ ಓದು ಅವರ ರೂಢಿಯನ್ನು ತಲುಪಲು ಏಳು ಗಿಡಗಳು ಬೇಕಾದವು. ಅಂದಿನಿಂದ ಕೇಳಿದವರಿಗೆಲ್ಲ ನಾನು ಹೇಳುತ್ತ ಬಂದಿರುವುದು ಇದೊಂದೇ: ನಮ್ಮ ಕಡೆ ಗೊಬ್ಬರದ ಲೆಕ್ಕ, ರೋಗದ ಲೆಕ್ಕ ಎರಡಲ್ಲ. ಯಾವ ತಿಂಗಳಲ್ಲಿ ಉಣಿಸುತ್ತೀರಿ ಎಂಬುದೇ ಯಾವ ರೋಗ ಬರುತ್ತದೆ ಎಂಬುದನ್ನು ನಿರ್ಧರಿಸುತ್ತದೆ.

ಚೌತಿಯ ಹೊತ್ತಿಗೆ ಹೂ ಬೇಕೆಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ವರಮಹಾಲಕ್ಷ್ಮಿಯಿಂದ ಚೌತಿಯವರೆಗೆ ಅಟ್ಟೆಯ ದರ ಕೇಳಿದರೆ ಯಾರಿಗಾದರೂ ಗಿಡದ ಬೆನ್ನಿಗೆ ಬೀಳಬೇಕೆನಿಸುತ್ತದೆ. ಆದರೆ ಆ ದರ ಏರುವುದೇ ಗಿಡ ಆಗ ಹೂ ಬಿಡಲು ಒಪ್ಪದಿರುವುದರಿಂದ. ಮಳೆಗಾಲದಲ್ಲಿ ನಾಲ್ಕು ಹೂ ಹೆಚ್ಚು ಪಡೆಯಬೇಕಾದರೆ ದಾರಿ ಗೊಬ್ಬರದ್ದಲ್ಲ, ಮಾಡಿನದ್ದು. ತಾರಸಿಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮಾಡು ಇಳಿಜಾರಾಗಿ ಕಟ್ಟಿಸಿ, ನಾಲ್ಕೂ ಬದಿ ಗಾಳಿಯಾಡಲು ಬಿಟ್ಟರೆ ಎಲೆ ಒಣಗಿರುತ್ತದೆ, ಚಟ್ಟಿಯಲ್ಲಿ ನೀರು ಎಷ್ಟಿರಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ. ನಲವತ್ತಕ್ಕೂ ಆಗದಿದ್ದರೆ ಹದಿನೈದಕ್ಕೆ ಮಾಡಿ. ಮಾಡಿನ ಅಡಿಯ ಗಿಡಗಳಲ್ಲಿ ಎಲೆ ಚುಕ್ಕೆ ಎಷ್ಟು ಇಳಿಯುತ್ತದೆ ಎಂಬುದನ್ನು ಒಂದೇ ಮಳೆಗಾಲದಲ್ಲಿ ಕಣ್ಣಾರೆ ಕಾಣುತ್ತೀರಿ.

ಇನ್ನು ಉಳಿದಿರುವ ಮೂವತ್ತನಾಲ್ಕು ಗಿಡಗಳ ಮಾತು. ಮಳೆ ಸ್ವಲ್ಪ ಹೊಳವಾದ ಮೊದಲ ದಿನವೇ ಪ್ರತಿ ಚಟ್ಟಿಯ ಬುಡದಿಂದ ಹಿಂಡಿಯ ಚರಟ, ಕೊಳೆತ ಎಲೆ, ಮೇಲಿನ ಒಂದಿಂಚು ಮಣ್ಣು ಇಷ್ಟನ್ನೂ ಕೆರೆದು ತೆಗೆಯಿರಿ. ಕಾಂಡದ ಬುಡ ಗಾಳಿಗೆ ತೆರೆದಿರಲಿ, ಮಣ್ಣು ಏರಿಸಬೇಡಿ. ಚಟ್ಟಿಯ ಕೆಳಗಿನ ತಟ್ಟೆಗಳನ್ನು ಒಳಗಿಟ್ಟುಬಿಡಿ, ಮಳೆಗಾಲದಲ್ಲಿ ಅವು ನೀರು ನಿಲ್ಲಿಸುವ ಕೆರೆಗಳು. ಎರಡು ಇಟ್ಟಿಗೆ ಅಥವಾ ಹಂಚಿನ ತುಂಡಿನ ಮೇಲೆ ಚಟ್ಟಿ ಕೂರಲಿ. ತಳದ ತೂತಿಗೆ ಒಂದು ಕಡ್ಡಿ ಹಾಕಿ ನೋಡಿ. ಬೇರು, ಮಣ್ಣು ಸೇರಿ ತೂತು ಮುಚ್ಚಿಹೋಗಿರುವ ಚಟ್ಟಿಗಳು ನಲವತ್ತರಲ್ಲಿ ಹತ್ತಾದರೂ ಇರುತ್ತವೆ. ಚಟ್ಟಿಗಳ ನಡುವೆ ಒಂದು ಮೊಳ ಅಂತರ ಬಿಡಿ. ಉದುರಿದ ಚುಕ್ಕೆ ಎಲೆಗಳನ್ನು ದಿನವೂ ಗುಡಿಸಿ ತೆಗೆಯಬೇಕು, ಏಕೆಂದರೆ ಮುಂದಿನ ಬೀಜಕಣ ಹಾರುವುದು ಅಲ್ಲಿಂದಲೇ. ಆ ಎಲೆ ಗೊಬ್ಬರದ ಗುಂಡಿಗೆ ಹೋಗಬಾರದು. ಒಣಗಿಸಿ ಬಚ್ಚಲ ಒಲೆಗೆ ಹಾಕಿ.

ಬುಡ ಕೆರೆದ ಮೇಲೆ ಟ್ರೈಕೋಡರ್ಮಾ ಬೇಕು. ಇದೂ ಶಿಲೀಂಧ್ರವೇ, ಆದರೆ ಗಿಡವನ್ನು ಬಿಟ್ಟು ಬೇರೆ ಶಿಲೀಂಧ್ರಗಳನ್ನು ಸುತ್ತಿ ತಿನ್ನುವ ಜಾತಿಯದ್ದು. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ; ಮಂಗಳೂರಿನವರಿಗೆ ಅಲ್ಲಿಯದೇ ಕೇಂದ್ರವಿದೆ. ಅಂಗಡಿಯಲ್ಲಿ ಕೊಳ್ಳುವುದಾದರೆ ತಯಾರಿಯ ದಿನಾಂಕ ನೋಡದೆ ಹಣ ಕೊಡಬೇಡಿ. ಅದು ಜೀವವಿರುವ ಪುಡಿ. ವರ್ಷ ಕಳೆದ, ಬಿಸಿಲಿಗೆ ಬಿದ್ದ ಪೊಟ್ಟಣದಲ್ಲಿ ಜೀವ ಉಳಿದಿರುವುದಿಲ್ಲ. ಈಗ ತುರ್ತಿಗೆ ಲೀಟರ್ ನೀರಿಗೆ 10 ಗ್ರಾಂ ಕಲಸಿ ಪ್ರತಿ ಬುಡಕ್ಕೆ ಒಂದು ಲೋಟ ಹಾಕಿ. ಅದರ ನಿಜವಾದ ಬಲ ಬರುವುದು ಮಾತ್ರ ಗೊಬ್ಬರದಲ್ಲಿ ಬೆಳೆಸಿ ಕೊಟ್ಟಾಗ. ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಹತ್ತು ಕಿಲೋ, ಬೇವಿನ ಹಿಂಡಿ ಒಂದು ಕಿಲೋ, ಟ್ರೈಕೋಡರ್ಮಾ ನೂರು ಗ್ರಾಂ. ಮೂರನ್ನೂ ನೆರಳಿನಲ್ಲಿ ಬೆರೆಸಿ ನೀರು ಚಿಮುಕಿಸಿ. ಹಿಡಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ನೀರು ಒಸರಬಾರದು. ಒದ್ದೆ ಗೋಣಿ ಮುಚ್ಚಿ ಹದಿನೈದು ದಿನ ಬಿಡಿ, ನಡುವೆ ಒಮ್ಮೆ ಮಗುಚಿ. ಗೋಣಿ ಎತ್ತಿದಾಗ ಗೊಬ್ಬರದ ಮೇಲೆ ಬಿಳಿ ಬೆಳೆದು ಹಸಿರಿಗೆ ತಿರುಗಿದ್ದರೆ ಕೆಲಸ ಸರಿಯಾಗಿದೆ. ಆ ಹಸಿರು ಕಂಡು ಹೆದರಿ ಎಸೆದವರನ್ನು ನಾನು ಕಂಡಿದ್ದೇನೆ, ನೀವು ಹಾಗೆ ಮಾಡಬೇಡಿ. ಇದನ್ನು ಮೇ ತಿಂಗಳ ಮೊದಲ ವಾರದಲ್ಲಿ ಚಟ್ಟಿಗೆ ಎರಡು ಹಿಡಿ, ಮತ್ತೆ ಅಕ್ಟೋಬರಿನಲ್ಲಿ ಎರಡು ಹಿಡಿ, ಕಾಂಡದಿಂದ ನಾಲ್ಕು ಬೆರಳು ದೂರದಲ್ಲಿ ಮಣ್ಣಿಗೆ ಸೇರಿಸಿ.

ಎಲೆ ಚುಕ್ಕೆಗೆ ನಾನು ನಂಬುವ ಮದ್ದು ಬೋರ್ಡೋ ದ್ರಾವಣ. ಅದು ರಾಸಾಯನಿಕವಲ್ಲವೇ ಎಂದು ನೀವು ಕೇಳುತ್ತೀರಿ. ಹೌದು, ಅದರಲ್ಲಿ ಸುಣ್ಣದೊಂದಿಗೆ ಬೆರೆಸುವ ಮೈಲುತುತ್ತು ತಾಮ್ರದ ಲವಣ. ಮಿತಿಯಲ್ಲಿ ಬಳಸಿದರೆ ಸಾವಯವ ಕೃಷಿಯ ನಿಯಮಗಳೂ ಅದನ್ನು ಒಪ್ಪುತ್ತವೆ. ಮಿತಿ ಏಕೆಂದರೆ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ಕೂಡಿಕೊಳ್ಳುತ್ತ ಹೋಗುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಸಲ ಸಾಕು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಇದನ್ನು ರೋಗದ ಮದ್ದಾಗಿ ಪ್ರಕಟಿಸಿದರು. ಅಡಿಕೆಯ ಕೊಳೆರೋಗಕ್ಕೆ ಇದನ್ನು ಬಳಸುವುದನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನಮ್ಮ ನಾಡಿಗೆ ತಂದರು. ನಿಮ್ಮ ಊರಿನಲ್ಲಿ ಅಡಿಕೆಗೆ ಮದ್ದು ಬಿಡುವವರ ಕೈಯಲ್ಲಿರುವುದು ಇದೇ. ಮಲ್ಲಿಗೆಗೆ ಬೇರೆ ಹೊಸ ಬಾಟಲಿ ಹುಡುಕಬೇಕಾಗಿಲ್ಲ.

ಐದು ಲೀಟರಿಗೆ 50 ಗ್ರಾಂ ಮೈಲುತುತ್ತು, 50 ಗ್ರಾಂ ಒಳ್ಳೆಯ ಸುಟ್ಟ ಸುಣ್ಣ. ಎರಡು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಎರಡೆರಡೂವರೆ ಲೀಟರ್ ನೀರಿಗೆ ಬೇರೆ ಬೇರೆಯಾಗಿ ಕರಗಿಸಿ. ಲೋಹದ ಪಾತ್ರೆ ಬೇಡ. ಸುಣ್ಣದ ನೀರು ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ, ಅದಕ್ಕೆ ಮೈಲುತುತ್ತಿನ ನೀರನ್ನು ನಿಧಾನವಾಗಿ ಸುರಿಯುತ್ತ ಕೋಲಿನಿಂದ ತಿರುವುತ್ತಿರಿ. ಆಕಾಶದಂಥ ನೀಲಿ ಬರುತ್ತದೆ. ಈಗ ತುಕ್ಕಿಲ್ಲದ ಹಳೆಯ ಕಬ್ಬಿಣದ ಚೂರಿಯೊಂದನ್ನು ಅದರಲ್ಲಿ ಕೆಲವು ನಿಮಿಷ ಅದ್ದಿಡಿ. ಹೊರಗೆಳೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು. ಅದನ್ನು ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಸೇರಿಸಿ, ಚೂರಿ ತೊಳೆದು ಮತ್ತೆ ಅದ್ದಿ. ಅಲಗು ಹೇಗೆ ಹೋಯಿತೋ ಹಾಗೆಯೇ ಬಂದರೆ ದ್ರಾವಣ ಸಿದ್ಧ. ಅಂದೇ ಬಳಸಿ ಮುಗಿಸಿ, ನಾಳೆಗೆ ಉಳಿಸಬೇಡಿ.

ಮೊದಲ ಸಿಂಪಡಣೆ ಮೇ ಕೊನೆಯ ವಾರ, ಬೇಸಿಗೆಯ ಕೊಯ್ಲು ತಗ್ಗಿದ ಮೇಲೆ. ಎರಡನೆಯದು ಜುಲೈ ಅಥವಾ ಆಗಸ್ಟಿನಲ್ಲಿ ಒಂದಿಡೀ ದಿನ ಮಳೆ ಬಿಡುವು ಕೊಟ್ಟಾಗ. ಈ ವರ್ಷ ಮೊದಲನೆಯದು ತಪ್ಪಿಹೋಗಿರುವುದರಿಂದ ಮುಂದಿನ ಹೊಳವಿನಲ್ಲಿ ಒಂದು ಸಿಂಪಡಣೆ ಮಾಡಿ. ಹೊಡೆಯುವಾಗ ಚಟ್ಟಿಯ ಬಾಯಿಗೆ ಹಳೆಯ ಗೋಣಿಯೋ ಪತ್ರಿಕೆಯೋ ಮುಚ್ಚಿ. ತಾಮ್ರ ಮಣ್ಣಿಗೆ ತೊಟ್ಟಿಕ್ಕಿದರೆ ಟ್ರೈಕೋಡರ್ಮಾ ಸಾಯುತ್ತದೆ. ಎರಡರ ನಡುವೆ ಹದಿನೈದು ದಿನಗಳ ಅಂತರವೂ ಇರಲಿ. ಈಗ ನಿಮಗೆ ಬುಡದ ರೋಗವೇ ದೊಡ್ಡದಾದ್ದರಿಂದ ಟ್ರೈಕೋಡರ್ಮಾ ಮೊದಲು, ಬೋರ್ಡೋ ಆಮೇಲೆ. ಕೈಗೆ ಗವಸು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಅಂದು, ಮರುದಿನ ಮಕ್ಕಳು ತಾರಸಿಗೆ ಬರುವುದು ಬೇಡ. ಆಮೇಲೆ ಎರಡು ವಾರ ಅರಳಿದ ಹೂವನ್ನು ದೇವರಿಗೂ ಮುಡಿಗೂ ಬಳಸಬೇಡಿ. ಮಳೆಗಾಲದಲ್ಲಿ ಆ ನಷ್ಟ ದೊಡ್ಡದಲ್ಲ.

ಹುಳಿ ಮಜ್ಜಿಗೆ, ಹಾಲು, ಅಡಿಗೆ ಸೋಡಾ ಇವೆಲ್ಲ ಸುಳ್ಳಲ್ಲ, ಆದರೆ ಇವುಗಳ ಊರು ಬೇರೆ. ಇವು ಕೆಲಸ ಮಾಡುವುದು ಬೂದಿ ರೋಗದ ಮೇಲೆ, ಅಂದರೆ ಎಲೆಯ ಮೇಲೆ ಅಕ್ಕಿಹಿಟ್ಟು ಉದುರಿಸಿದಂತೆ ಕಾಣುವ ರೋಗದ ಮೇಲೆ. ಹಾಲಿಗೆ ನೀರು ಬೆರೆಸಿ ಕುಂಬಳ ಜಾತಿಯ ಗಿಡಗಳಿಗೆ ಸಿಂಪಡಿಸಿದರೆ ಬೂದಿ ರೋಗ ಹತೋಟಿಗೆ ಬರುತ್ತದೆ ಎಂದು ಬ್ರೆಜಿಲಿನ ವಿಜ್ಞಾನಿ ಬೆಟ್ಟಿಯೋಲ್ 1999ರಲ್ಲಿ ತೋರಿಸಿದ್ದಾರೆ. ನಿಮ್ಮ ತಾರಸಿಯಲ್ಲಿ ಬೆಂಡೆಯೋ ಕುಂಬಳವೋ ಇದ್ದರೆ, ಡಿಸೆಂಬರಿನ ತಂಪಿನಲ್ಲಿ ಅದಕ್ಕೆ ಬೂದಿ ಬಂದರೆ, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬಿಸಿಲಿರುವಾಗ ಹೊಡೆಯಿರಿ. ಮಲ್ಲಿಗೆಯ ಎಲೆ ಚುಕ್ಕೆಗೆ, ಅದೂ ಸುರಿಯುವ ಮಳೆಯಲ್ಲಿ, ಇವು ಉಪಯೋಗಕ್ಕೆ ಬಾರವು. ಬುಡಕ್ಕೆ ಸುರಿದ ಮಜ್ಜಿಗೆಯೂ ಹಿಂಡಿಯ ಹಾಗೆಯೇ ಇನ್ನೊಂದು ಊಟ.

ಹಾಗಾದರೆ ಉಣಿಸುವುದು ಯಾವಾಗ? ನವರಾತ್ರಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ. ಅಕ್ಟೋಬರ್ ಕೊನೆಗೆ ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿ. ಒಣಗಿದ, ಒಳಮುಖವಾಗಿ ಬೆಳೆದ ಗೆಲ್ಲುಗಳನ್ನು ತೆಗೆಯಿರಿ. ಕತ್ತರಿಯನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ. ಆಗ ಟ್ರೈಕೋಡರ್ಮಾ ಗೊಬ್ಬರ ಕೊಟ್ಟು, ಹೊಸ ಚಿಗುರು ಎರಡು ಬೆರಳು ಬಂದಾಗ ಹಿಂಡಿ ನೀರು ಶುರು ಮಾಡಿ. ಒಂದು ಕಿಲೋ ನೆಲಗಡಲೆ ಹಿಂಡಿಯನ್ನು ಹತ್ತು ಲೀಟರ್ ನೀರಿನಲ್ಲಿ ನಾಲ್ಕೈದು ದಿನ ನೆನೆಸಿ, ದಿನಕ್ಕೊಮ್ಮೆ ಕೋಲಾಡಿಸಿ. ಅದರ ತಿಳಿಯನ್ನು ಮಾತ್ರ ಸೋಸಿಕೊಂಡು ಹತ್ತರಷ್ಟು ನೀರು ಬೆರೆಸಿ ಚಟ್ಟಿಗೆ ಅರ್ಧ ಲೀಟರ್, ಕಾಂಡಕ್ಕೆ ತಾಗದಂತೆ ಚಟ್ಟಿಯ ಅಂಚಿನ ಸುತ್ತ ಹಾಕಿ. ಹದಿನೈದು ದಿನಕ್ಕೊಮ್ಮೆ ಸಾಕು. ಚರಟ ಚಟ್ಟಿಗೆ ಬೇಡ, ತೆಂಗಿಗೋ ಬಾಳೆಗೋ ಹೋಗಲಿ. ಮೊಗ್ಗು ಹಿಡಿಯುವ ಹೊತ್ತಿಗೆ ಸಾರಜನಕಕ್ಕಿಂತ ಪೊಟ್ಯಾಷ್ ಹೆಚ್ಚು ಬೇಕು. ಅದಕ್ಕೆ ನಿಮ್ಮ ಬಚ್ಚಲ ಒಲೆಯ ಬೂದಿಯೇ ಸಾಕು. ತೆಂಗಿನ ಸಿಪ್ಪೆ ಸುಟ್ಟ ಬೂದಿಯಲ್ಲಂತೂ ಪೊಟ್ಯಾಷ್ ಹೇರಳ. ಜನವರಿಯಿಂದ ತಿಂಗಳಿಗೆ ಒಂದು ಸಣ್ಣ ಹಿಡಿ. ಹಿಂಡಿ ನೀರು ಹಾಕಿದ ದಿನವೇ ಬೂದಿ ಹಾಕಬೇಡಿ, ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಏಪ್ರಿಲ್ ಮುಗಿಯುತ್ತಿದ್ದಂತೆ ಹಿಂಡಿ ನೀರನ್ನು ನಿಲ್ಲಿಸಿಬಿಡಿ.

ನಮ್ಮ ಮುರಕಲ್ಲಿನ ಕೆಂಪು ಮಣ್ಣು ಹುಳಿ ಸ್ವಭಾವದ್ದು. ಈ ಬುಡ ಕೊಳೆ ಶಿಲೀಂಧ್ರಕ್ಕೆ ಹುಳಿ ಇಷ್ಟ. ಏಪ್ರಿಲ್ ಮೊದಲಲ್ಲಿ ಚಟ್ಟಿಗೆ ಒಂದೆರಡು ಚಮಚ ಚಿಪ್ಪಿನ ಸುಣ್ಣದ ಪುಡಿಯನ್ನು ಮೇಲ್ಮಣ್ಣಿಗೆ ಬೆರೆಸಿ. ಗೊಬ್ಬರದೊಂದಿಗೆ ಬೇಡ, ಮೂರು ವಾರ ಮುಂಚೆ ಇರಲಿ.

ಕೊನೆಯದಾಗಿ ಸತ್ತ ಆರು ಗಿಡಗಳ ಮಣ್ಣು. ಈಗ ಅದರಲ್ಲಿ ಏನೂ ನೆಡಬೇಡಿ, ತಾರಸಿಯ ಮೇಲೆ ಚೆಲ್ಲಲೂ ಬೇಡಿ. ಒಂದು ಸಾಸಿವೆ ಕಾಳು ಪಕ್ಕದ ಚಟ್ಟಿಗೆ ಉರುಳಿದರೂ ಸಾಕು. ಆರು ಚಟ್ಟಿಗಳ ಮಣ್ಣನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಮಳೆ ತಾಗದಲ್ಲಿ ಇಡಿ. ಏಪ್ರಿಲ್ ಬಂದಾಗ ತಾರಸಿಯಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಇಟ್ಟಿಗೆ ಹೇರಿ ನಾಲ್ಕರಿಂದ ಆರು ವಾರ ಬಿಡಿ. ಹಾಳೆಯ ಅಡಿಯ ಒದ್ದೆ ಮಣ್ಣು ಐವತ್ತು ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಉಂಡೆಗಳು ಉಳಿಯುವುದಿಲ್ಲ. ಒಣ ಮಣ್ಣಿಗೆ ಹೊದಿಸಿದರೆ ಪ್ರಯೋಜನ ಕಡಿಮೆ, ಶಾಖ ಒಳಗೆ ಇಳಿಯಲು ತೇವ ಬೇಕು. ಹಿತ್ತಲಿದ್ದವರು ಸುಡುಮಣ್ಣು ಮಾಡುತ್ತಿದ್ದುದು ಇದೇ ಕೆಲಸಕ್ಕೆ: ತರಗೆಲೆ, ಕಸಕಡ್ಡಿಯ ನಡುವೆ ಮಣ್ಣು ಪೇರಿಸಿ ನಿಧಾನ ಬೆಂಕಿಯಲ್ಲಿ ಬೇಯಿಸಿದರೆ ರೋಗದ ಬೀಜ, ಕಳೆಯ ಬೀಜ ಎರಡೂ ಸಾಯುತ್ತವೆ, ಬೂದಿಯಿಂದ ಹುಳಿಯೂ ಇಳಿಯುತ್ತದೆ. ಸುಡುಮಣ್ಣು ಹಾಕಿ ಬೆಳೆದ ಮಲ್ಲಿಗೆಯ ಬೇರು ನೋಡಿದವರು ಅದನ್ನು ಹಳೆಯ ಕಾಲದ ಮೂಢರೂಢಿ ಎನ್ನಲಾರರು. ಖಾಲಿ ಚಟ್ಟಿಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತಿಕ್ಕಿ ತೊಳೆದು, ಬಿಸಿಲು ಬಂದಾಗ ಬೋರಲು ಹಾಕಿ ಒಣಗಿಸಿ.

ಸತ್ತ ಆರರ ಬದಲಿಗೆ ನರ್ಸರಿಯಿಂದ ಈಗಲೇ ಗಿಡ ತರುವ ಯೋಚನೆ ಇದ್ದರೆ ಬಿಡಿ. ಮಳೆಗಾಲ ಗೆಲ್ಲು ಬೇರು ಬಿಡುವ ಕಾಲ. ನಿಮ್ಮದೇ ಗಿಡಗಳಲ್ಲಿ ಬುಡ ಶುದ್ಧವಾಗಿರುವ, ಬೇಸಿಗೆಯಲ್ಲಿ ಚೆನ್ನಾಗಿ ಹೂ ಬಿಟ್ಟ ಎರಡನ್ನು ಆರಿಸಿ, ಪೆನ್ಸಿಲ್ ದಪ್ಪದ, ಮೂರು ಗಂಟುಗಳಿರುವ ಹತ್ತು ಗೆಲ್ಲು ಕತ್ತರಿಸಿಕೊಳ್ಳಿ. ಕೆಳಗಿನ ಎಲೆ ತೆಗೆದು, ಟ್ರೈಕೋಡರ್ಮಾ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ತೊಳೆದ ಹೊಳೆ ಮರಳಿನಲ್ಲಿ ಒಂದು ಗಂಟು ಮುಳುಗುವಂತೆ ಊರಿ. ಮರಳಿಗೆ ಗೊಬ್ಬರ ಬೇಡ, ನೀರು ಇಳಿದು ಹೋಗಲಿ. ಜಗಲಿಯಲ್ಲಿ, ಎರಚಲು ತಾಗದ, ಬೆಳಕಿರುವ ಜಾಗದಲ್ಲಿ ಇಡಿ. ಆರೆಂಟು ವಾರಗಳಲ್ಲಿ ಒಂದನ್ನು ಮೆಲ್ಲಗೆ ಎತ್ತಿ ನೋಡಿದರೆ ಬಿಳಿ ಬೇರು ಕಾಣುತ್ತದೆ. ಹತ್ತರಲ್ಲಿ ಆರು ಬದುಕಿದರೂ ದೀಪಾವಳಿಯ ಹೊತ್ತಿಗೆ ಹೊಸ ಮಣ್ಣಿನ ಚಟ್ಟಿಗೆ ಇಳಿಸಬಹುದು.